ಕೆಲಸದ ಜಾಗದಲ್ಲಿ ಕರೆಂಟು: ಕಾನೂನು ಯಾರ ಮೇಲೆ ಯಾವ ಹೊಣೆ ಹೊರಿಸಿದೆ?



ಧರೂರಿನಲ್ಲಿ ನಡೆದ ಕಳೆದ ಸಭೆಗೆ ಬಂದವರಿಗೆ ನೆನಪಿರಬಹುದು. ಕಾರ್ಯಕ್ರಮದ ಲೆಕ್ಕಪತ್ರ ಓದಿ ಮುಗಿಸಿ ಚಹಾ ಕುಡಿಯುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ತಮ್ಮ ಅಣ್ಣನ ಮಗನನ್ನು ಕರೆತಂದು ಕೂರಿಸಿದರು. ಹುಡುಗ ಹತ್ತಿ ಜಿನ್ನಿಂಗ್ ಮಿಲ್ ಒಂದರಲ್ಲಿ ಕೆಲಸಕ್ಕಿದ್ದವನು. ಬೇಸಿಗೆಯಲ್ಲಿ ತಗಡಿನ ಕೂಲರ್‌ಗೆ ನೀರು ಹಾಕಲು ಹೋಗಿ ಶಾಕ್ ಹೊಡೆಸಿಕೊಂಡಿದ್ದ. ಕೂಲರ್‌ಗೆ ಪ್ಲಗ್ಗೇ ಇರಲಿಲ್ಲ. ಎರಡು ವೈರುಗಳ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದರಂತೆ. "ಏನಾಗಲ್ಲೋ ತಮ್ಮಾ, ಚಪ್ಪಲಿ ಹಾಕ್ಕೊಂಡು ಹಾಕು" ಎಂದು ಮೇಸ್ತ್ರಿ ಹೇಳಿದ್ದ. ಹುಡುಗ ಉಳಿದ, ಅದೇ ದೊಡ್ಡದು. ಆದರೆ ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ.

ಸಭೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಆಮೇಲೆ ಬಂದ ಮಾತು. ಆಸ್ಪತ್ರೆಯಿಂದ ಬಂದ ವಾರಕ್ಕೆ ಅವನ ಕೈಗೆ ಒಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ. ಕಾಗದ ತೆಲುಗಿನಲ್ಲಿತ್ತು. ಹುಡುಗ ತೆಲುಗು ಸರಾಗ ಮಾತಾಡುತ್ತಾನೆ, ಆದರೆ ಓದಿದ್ದು ರಾಯಚೂರು ಕಡೆಯ ಕನ್ನಡ ಶಾಲೆಯಲ್ಲಿ. ಓದಿಸಿ ನೋಡಿದರೆ, "ನನ್ನ ಅಜಾಗರೂಕತೆಯಿಂದಲೇ ಆದದ್ದು, ಯಾವ ಪರಿಹಾರವನ್ನೂ ಕೇಳುವುದಿಲ್ಲ" ಎಂಬ ಅರ್ಥದ ಒಕ್ಕಣೆ. ಆ ಕಾಗದಕ್ಕೆ ಏನು ಬೆಲೆ ಎಂದು ಅವರು ಕೇಳಿದ ಪ್ರಶ್ನೆಗೆ ಅಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಉತ್ತರ ಗೊತ್ತಿರಲಿಲ್ಲ. ಈ ಲೇಖನ ಅದಕ್ಕೆ ತಡವಾಗಿ ಕೊಟ್ಟ ಉತ್ತರ. ನಾರಾಯಣಪೇಟೆ, ಮಕ್ತಲ್, ಗದ್ವಾಲ, ಆಚೆ ರಾಯಚೂರು, ಯಾದಗಿರಿಯ ಅಕ್ಕಿ ಗಿರಣಿ, ಜಿನ್ನಿಂಗ್ ಮಿಲ್ಲು, ವರ್ಕ್‌ಶಾಪು, ಮಗ್ಗದ ಮನೆ, ಅಂಗಡಿಗಳಲ್ಲಿ ದುಡಿಯುವ ಮತ್ತು ದುಡಿಸುವ ಎರಡೂ ಬಗೆಯ ಸದಸ್ಯರು ನಮ್ಮಲ್ಲಿದ್ದಾರೆ. ಇಬ್ಬರೂ ಓದಬೇಕು.

ಎಂಸಿಬಿ ಇದ್ದರೂ ಶಾಕ್ ಹೊಡೆಯುವುದೇಕೆ?

ಕಾನೂನಿಗೆ ಹೋಗುವ ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. "ನಮ್ಮಲ್ಲಿ ಎಂಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ತಾನೇ ಬೀಳುತ್ತದೆ" ಎಂದು ಬಹಳ ಜನ ನಂಬಿದ್ದಾರೆ. ಬೀಳುವುದಿಲ್ಲ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ಮನುಷ್ಯನ ದೇಹದ ತಡೆ ಸುಮಾರು 1,500 ಓಮ್ ಎಂದು ಹಿಡಿದರೆ, ಮೈಯಲ್ಲಿ ಹರಿಯುವುದು ಒಂದು ಆಂಪಿಯರಿನ ಏಳನೆಯ ಒಂದು ಭಾಗ, ಅಂದರೆ ಸುಮಾರು 150 ಮಿಲಿ ಆಂಪಿಯರ್. ಎಂಸಿಬಿ 16 ಆಂಪಿಯರಿನದು. ಅದರ ಲೆಕ್ಕಕ್ಕೆ ಇದು ಒಂದು ಬಲ್ಬು ಹೊತ್ತಿದಷ್ಟೂ ಅಲ್ಲ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ.

ಮನುಷ್ಯನಿಗೆ ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಸ್ನಾಯು ಬಿಗಿದುಕೊಳ್ಳುತ್ತದೆ. 30 ದಾಟಿದ ಮೇಲೆ ಉಸಿರಿಗೂ ಹೃದಯಕ್ಕೂ ಅಪಾಯ ಶುರು. ಕೈ ಒದ್ದೆಯಾಗಿದ್ದರೆ, ಬರಿಗಾಲಿದ್ದರೆ ದೇಹದ ತಡೆ ಇನ್ನೂ ಇಳಿಯುತ್ತದೆ. ಕೂಲರ್ ಎಂದರೆ ತಗಡು, ನೀರು, ಒದ್ದೆ ನೆಲ ಮೂರೂ ಒಟ್ಟಿಗೆ ಸೇರಿದ ಜಾಗ. ನಮ್ಮ ಕಡೆ ಪ್ರತಿ ಬೇಸಿಗೆಯಲ್ಲೂ ಕೂಲರ್ ಶಾಕಿನ ಸುದ್ದಿ ಬರುವುದು ಸುಮ್ಮನೆ ಅಲ್ಲ.

ಕಾಯುವವು ಎರಡು. ಒಂದು ಅರ್ತಿಂಗ್. ಪ್ಲಗ್ಗಿನಲ್ಲಿ ಮೇಲಿರುವ ದಪ್ಪ, ಉದ್ದನೆಯ ಮೂರನೆಯ ಪಿನ್ ಅದೇ. ಯಂತ್ರದ ತಗಡಿಗೆ ಕರೆಂಟು ಸೋರಿದರೆ ಅದು ನಿಮ್ಮ ಮೈಯ ಮೂಲಕ ಹೋಗದೆ ಭೂಮಿಗೆ ಇಳಿಯುವ ದಾರಿ. ಎರಡನೆಯದು ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎಂದು ಅಂಗಡಿಯಲ್ಲಿ ಕೇಳುವ ಸಾಧನ. ಹೋದ ಕರೆಂಟು ಮತ್ತು ಮರಳಿದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಎಲ್ಲೋ ಸೋರಿತೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅದರ ಮೇಲೆ ಒಂದು ಟೆಸ್ಟ್ ಗುಂಡಿ ಇದೆ, ಆಗಾಗ ಒತ್ತಿ ನೋಡಬೇಕು. ಹಾಕಿಸಿದ ದಿನ ಒತ್ತಿದ್ದೇ ಕೊನೆ ಎನ್ನುವವರೇ ಹೆಚ್ಚು.

ಇನ್ನು ಕಾನೂನು

ಮೂಲ ಕಾನೂನು 2003ರ ವಿದ್ಯುಚ್ಛಕ್ತಿ ಕಾಯ್ದೆ. ಅದರ 53ನೆಯ ಕಲಮಿನ ಅಡಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸುರಕ್ಷತಾ ನಿಯಮಾವಳಿ ಮಾಡಿದೆ. 1956ರ ಹಳೆಯ ನಿಯಮಗಳ ಜಾಗಕ್ಕೆ 2010ರಲ್ಲಿ ಒಂದು, ಅದರ ಜಾಗಕ್ಕೆ 2023ರಲ್ಲಿ ಇನ್ನೊಂದು ಬಂತು. ಇದು ಕೇಂದ್ರದ ನಿಯಮ. ಆದ್ದರಿಂದ ಕೃಷ್ಣೆಯ ಈ ದಡವಾಗಲಿ ಆ ದಡವಾಗಲಿ, ತೆಲಂಗಾಣವಾಗಲಿ ಕರ್ನಾಟಕವಾಗಲಿ ಒಂದೇ. ಬೇರೆಯಾಗುವುದು ಪರಿವೀಕ್ಷಕರ ಕಚೇರಿ ಮಾತ್ರ. ಕಾಯ್ದೆಯ 162ನೆಯ ಕಲಮಿನಂತೆ ಪ್ರತಿ ರಾಜ್ಯವೂ ಮುಖ್ಯ ವಿದ್ಯುತ್ ಪರಿವೀಕ್ಷಕರನ್ನೂ ಅವರ ಕೈಕೆಳಗೆ ಪರಿವೀಕ್ಷಕರನ್ನೂ ನೇಮಿಸುತ್ತದೆ. ಇವರು ಬಿಲ್ ವಸೂಲಿಯ ಕಂಪನಿಯವರಲ್ಲ. ಸರ್ಕಾರದ ಪ್ರತ್ಯೇಕ ಇಲಾಖೆ. ಲೈನ್‌ಮನ್‌ಗೆ ಹೇಳಿದರೆ ಪರಿವೀಕ್ಷಕರಿಗೆ ಹೇಳಿದಂತಾಗಲಿಲ್ಲ, ಇದನ್ನು ನೆನಪಿಡಿ.

ನಿಯಮಾವಳಿಯ ಒಂದು ಮುಖ್ಯ ಗುಣ ಮಾಲೀಕ ಸದಸ್ಯರು ಗಮನಿಸಬೇಕಾದ್ದು. "ನಮ್ಮಲ್ಲಿ ಇರೋರೇ ಐದು ಜನ, ನಮಗೆಲ್ಲಿಯ ಕಾಯ್ದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಾರ್ಮಿಕ ಕಾನೂನುಗಳಿಗೆ ತಲೆ ಎಣಿಕೆ ಇದೆ. ವಿದ್ಯುತ್ ಸುರಕ್ಷತೆಯ ನಿಯಮಕ್ಕೆ ಹಾಗಿಲ್ಲ. ಮೀಟರಿನ ತನಕ ಬರುವ ಲೈನು ಸರಬರಾಜು ಮಾಡುವವರ ಹೊಣೆ. ಮೀಟರು ದಾಟಿ ಒಳಗೆ ಹೋದ ವೈರು, ಬೋರ್ಡು, ಮೋಟಾರು, ಕೂಲರು ಎಲ್ಲ ಆ ಜಾಗದ ಮಾಲೀಕನ ಹೊಣೆ. ಒಬ್ಬನೇ ಒಬ್ಬ ಕೆಲಸದವನಿದ್ದರೂ ಅಷ್ಟೇ.

ಆ ಹೊಣೆಯಲ್ಲಿ ಏನೇನಿದೆ? ವೈರಿಂಗ್ ಕೆಲಸ, ಅದಕ್ಕೆ ಸೇರಿಸುವುದು, ಬದಲಿಸುವುದು, ದುರಸ್ತಿ, ಇವನ್ನೆಲ್ಲ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ, ಅರ್ಹತಾ ಪತ್ರವಿದ್ದವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇದ್ದವರ ಕೈಯಿಂದ ಮಾಡಿಸಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ಮಾತ್ರ ವಿನಾಯಿತಿ. ಗಿರಣಿಗೆ ಹೊಸ ಮೋಟಾರು ಬಂದಾಗ "ನಮ್ಮ ಹಮಾಲರಲ್ಲೇ ಒಬ್ಬ ಚೆನ್ನಾಗಿ ವೈರಿಂಗ್ ಮಾಡ್ತಾನೆ" ಎನ್ನುವ ನಮ್ಮ ಕಡೆಯ ರೂಢಿ ನೇರವಾಗಿ ಕಾನೂನಿಗೆ ವಿರುದ್ಧ. ಅವಘಡವಾದಾಗ ಮೊದಲು ಕೇಳುವ ಪ್ರಶ್ನೆಯೂ ಇದೇ: ಕೆಲಸ ಮಾಡಿದವರ ಲೈಸೆನ್ಸ್ ತೋರಿಸಿ.

ಮೂರು ಫೇಸಿನ ಮೋಟಾರು, ಜನರೇಟರುಗಳ ಬಾಡಿಯನ್ನು ಒಂದಲ್ಲ, ಎರಡು ಬೇರೆ ಬೇರೆ ತಂತಿಯಿಂದ ಭೂಮಿಗೆ ಸೇರಿಸಬೇಕು. ಒಂದು ತುಂಡಾದರೆ ಇನ್ನೊಂದು ಇರಲಿ ಎಂದು. ಅರ್ತಿಂಗನ್ನು ಹಾಕಿ ಮರೆಯುವ ಹಾಗಿಲ್ಲ. ನಿಯತವಾಗಿ ಅಳೆದು, ಅಳತೆಯನ್ನು ಬರೆದಿಟ್ಟು, ಪರಿವೀಕ್ಷಕರು ಕೇಳಿದಾಗ ತೋರಿಸಬೇಕು. ಇದರಲ್ಲಿ ನಮಗೆ ಇಷ್ಟವಾದ ಒಂದು ಸಣ್ಣ ವಿವರವಿದೆ. ಅಳೆಯಬೇಕಾದ್ದು ಒಣ ಹವೆಯ ಕಾಲದಲ್ಲಿ, ಅದರಲ್ಲೂ ಒಣ ದಿನದಲ್ಲಿ ಎಂದು ನಿಯಮವೇ ಹೇಳುತ್ತದೆ. ಮಳೆಗಾಲದಲ್ಲಿ ನೆಲ ಒದ್ದೆಯಿರುವಾಗ ಎಂಥ ಅರ್ತಿಂಗೂ ಚೆನ್ನಾಗಿಯೇ ತೋರುತ್ತದೆ. ನಮ್ಮ ಎರೆಭೂಮಿ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ನಿಂತಾಗ ಅದೇ ರಾಡು ಮಣ್ಣಿನಿಂದ ಬಿಟ್ಟುಕೊಂಡಿರುತ್ತದೆ. ಜುಲೈಯಲ್ಲಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತೂಗುಹಾಕಿದವರು ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಸಿ.

ಇಂಗ್ಲೆಂಡಿನಲ್ಲಿರುವ ನಮ್ಮವರು ಕೆಲವರು, "ಇಲ್ಲಿ ಆಫೀಸಿನ ಕೆಟಲಿಗೂ ವರ್ಷಕ್ಕೊಮ್ಮೆ ಪರೀಕ್ಷೆಯ ಸ್ಟಿಕರ್ ಅಂಟಿಸುತ್ತಾರೆ" ಎಂದು ಹೇಳುವುದುಂಟು. ಅಲ್ಲಿಯ 1989ರ ನಿಯಮ ಓದಿದರೆ ವರ್ಷಕ್ಕೊಮ್ಮೆ ಎಂದೇನೂ ಇಲ್ಲ. ಅಪಾಯ ಬಾರದಂತೆ ಉಪಕರಣವನ್ನು ಸುಸ್ಥಿತಿಯಲ್ಲಿ ಇಡಬೇಕು ಎಂದಷ್ಟೇ ಇದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬಳಕೆ ನೋಡಿ ಮಾಲೀಕನೇ ನಿರ್ಧರಿಸಬೇಕು. ನಮ್ಮಲ್ಲೂ ಹಾಗೇ ಯೋಚಿಸುವುದು ಒಳ್ಳೆಯದೆಂದು ನಮಗನ್ನಿಸುತ್ತದೆ. ಮೂಲೆಯಲ್ಲಿ ನಿಂತ ಫ್ರಿಜ್ಜಿಗೂ ದಿನವೂ ಎಳೆದಾಡುವ ಕಟಿಂಗ್ ಮಷಿನ್ನಿನ ವೈರಿಗೂ ಒಂದೇ ಲೆಕ್ಕ ಹೇಗಾದೀತು?

ಇದರ ಜೊತೆಗೆ ಕಾರ್ಮಿಕ ಕಾನೂನು. 1948ರ ಕಾರ್ಖಾನೆಗಳ ಕಾಯ್ದೆ ಕರೆಂಟು ಬಳಸುವ ಕಡೆ 10 ಜನ ಕೆಲಸದವರಿದ್ದರೆ ಅನ್ವಯವಾಗುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ವೃತ್ತಿ ಸುರಕ್ಷತೆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಕರೆಂಟು ಬಳಸುವ ಕಾರ್ಖಾನೆ ಎನ್ನಲು 20 ಜನ ಬೇಕು. ಆದರೆ ಉದ್ಯೋಗದಾತನ ಸಾಮಾನ್ಯ ಕರ್ತವ್ಯಗಳು 10 ಜನರಿರುವ ಸಂಸ್ಥೆಗೂ ಅನ್ವಯ. ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡುವುದು ಮಾಲೀಕನ ಕರ್ತವ್ಯ. ಸುರಕ್ಷತೆಯ ಖರ್ಚನ್ನು ಕೆಲಸದವನ ಪಗಾರದಿಂದ ಹಿಡಿಯುವಂತಿಲ್ಲ. ಕೈಗವಸಿಗೆ ಹಣ ಹಿಡಿದರು ಎಂದು ಇಬ್ಬರು ಸದಸ್ಯರು ಬರೆದಿದ್ದರು, ಅವರಿಗೆ ಇದೇ ಉತ್ತರ. ಕೆಲಸದವನಿಗೂ ಕರ್ತವ್ಯವಿದೆ: ಹೇಳಿಕೊಟ್ಟ ಸುರಕ್ಷತೆಯ ಕ್ರಮ ಪಾಲಿಸುವುದು, ಅಪಾಯ ಕಂಡರೆ ತಿಳಿಸುವುದು, ಕೊಟ್ಟ ಸಾಧನವನ್ನು ಕೆಡಿಸದಿರುವುದು.

ಗೋಡೆಯ ಮೇಲಿನ ಫಲಕ ಯಾವ ಭಾಷೆಯಲ್ಲಿರಬೇಕು?

ನಮ್ಮಂಥ ಸಂಘ ಇದನ್ನೇ ಹೆಚ್ಚಾಗಿ ಹಿಡಿದುಕೊಳ್ಳಬೇಕು ಎಂದು ನಮಗೆ ಅನ್ನಿಸಿದ್ದು ಇಲ್ಲಿ. ಕರೆಂಟು ಹೊಡೆದವರನ್ನು ಬದುಕಿಸುವ ಸೂಚನೆಗಳ ಫಲಕವನ್ನು ವಿದ್ಯುತ್ ಬಳಸುವ ಪ್ರತಿ ಕಾರ್ಖಾನೆಯಲ್ಲೂ ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಬೇಕೆಂದು ವಿದ್ಯುತ್ ಸುರಕ್ಷತಾ ನಿಯಮವಿದೆ. ಇಂಗ್ಲಿಷ್ ಅಥವಾ ಹಿಂದಿ, ಜೊತೆಗೆ ಆ ಜಿಲ್ಲೆಯ ಭಾಷೆ. ಗದ್ವಾಲದಲ್ಲಿ ಅದು ತೆಲುಗಾಗುತ್ತದೆ, ರಾಯಚೂರಿನಲ್ಲಿ ಕನ್ನಡವಾಗುತ್ತದೆ. ಆದರೆ ಕಾರ್ಖಾನೆಗಳ ಕಾಯ್ದೆಯ 108ನೆಯ ಕಲಮು ಬೇರೆ ರೀತಿ ಯೋಚಿಸಿತ್ತು. ಕಾರ್ಖಾನೆಯಲ್ಲಿ ಹಾಕುವ ಸೂಚನೆಗಳು ಇಂಗ್ಲಿಷ್ ಜೊತೆಗೆ ಅಲ್ಲಿನ ಬಹುಪಾಲು ಕೆಲಸದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಅದು ಹೇಳಿತ್ತು. ಜಿಲ್ಲೆಯ ಭಾಷೆ ಎನ್ನಲಿಲ್ಲ, ಕೆಲಸದವರ ಭಾಷೆ ಎಂದಿತು.

ನಮ್ಮ ಗಡಿಯಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. ಗದ್ವಾಲ ಕಡೆಯ ಮಿಲ್ಲಿನಲ್ಲಿ ರಾಯಚೂರು ತಾಲೂಕಿನ ಹುಡುಗರು, ರಾಯಚೂರಿನ ಮಿಲ್ಲಿನಲ್ಲಿ ಮಕ್ತಲ್ ಕಡೆಯವರು, ಎರಡೂ ಕಡೆ ಬಿಹಾರ, ಒಡಿಶಾದಿಂದ ಬಂದವರು. ಮಾತು ಎಲ್ಲರಿಗೂ ಹೇಗೋ ನಡೆಯುತ್ತದೆ. ಓದುವಾಗ ಗೊತ್ತಾಗುತ್ತದೆ. ಹೊಸ ಸಂಹಿತೆಯೂ ಕಾರ್ಖಾನೆಯ ಉದ್ಯೋಗದಾತ ಕೆಲಸದವರಿಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ ಕೊಡಬೇಕು ಎನ್ನುತ್ತದೆ. ಅರ್ಥವಾಗದ ಭಾಷೆಯಲ್ಲಿ ಕೊಟ್ಟದ್ದು ಸೂಚನೆ ಹೇಗಾಗುತ್ತದೆ ಎಂದು ನಾವು ಕೇಳುತ್ತೇವೆ. ಇದು ಭಾಷಾಭಿಮಾನದ ಮಾತಲ್ಲ. ತೆಲುಗು ಫಲಕ ತೆಗೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿ ಎನ್ನುವುದಷ್ಟೇ.

ಅವಘಡ ಆದ ಮೇಲೆ

ಕಾಯ್ದೆಯ 161ನೆಯ ಕಲಮಿನಂತೆ, ವಿದ್ಯುತ್ತಿನಿಂದ ಮನುಷ್ಯನಿಗೋ ದನಕರುಗಳಿಗೋ ಸಾವು ಅಥವಾ ಗಾಯವಾದರೆ ಪರಿವೀಕ್ಷಕರಿಗೆ ತಿಳಿಸಲೇಬೇಕು. ಅದಕ್ಕೆ 2005ರ ನಿಯಮ ಗಡುವು ಹಾಕಿದೆ. ಸಾವಾದರೆ ಗೊತ್ತಾದ 24 ಗಂಟೆಯೊಳಗೆ ಸುದ್ದಿ, ಸಾವಿರಲಿ ಗಾಯವಿರಲಿ 48 ಗಂಟೆಯೊಳಗೆ ನಮೂನೆಯಲ್ಲಿ ಲಿಖಿತ ವರದಿ. ಹಾಗೆ ತಿಳಿಸದೆ, ಮಾರನೆಯ ದಿನವೇ ಹೊಸ ಬೋರ್ಡು ಕೂರಿಸಿ, ಗೋಡೆಗೆ ಸುಣ್ಣ ಬಳಿದು ಮುಗಿಸುವುದು ಸಾಮಾನ್ಯ. ನಮ್ಮ ಹುಡುಗನ ವಿಷಯದಲ್ಲೂ ಅದೇ ಆಯಿತು, ಅವನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಲ್ಲಿ ಹೊಸ ಕೂಲರ್ ನಿಂತಿತ್ತು. ಆದ್ದರಿಂದ ಮೊದಲು ಜೀವ ಉಳಿಸುವ ಕೆಲಸ ಮುಗಿಯಲಿ, ಆಮೇಲೆ ಯಾರಾದರೂ ಒಬ್ಬರು ಮೊಬೈಲಿನಲ್ಲಿ ಬೋರ್ಡು, ವೈರು, ಯಂತ್ರದ ಫೋಟೋ ತೆಗೆದಿಡಿ. ಆಸ್ಪತ್ರೆಯಲ್ಲಿ "ಕೆಲಸದ ಜಾಗದಲ್ಲಿ ಕರೆಂಟು ಹೊಡೆದದ್ದು" ಎಂದೇ ಬರೆಸಿ. "ಬಿದ್ದು ಗಾಯ" ಎಂದು ಬರೆದರೆ ಮುಂದೆ ತುಂಬಾ ಕಷ್ಟ.

ಈಗ ಆ ಕಾಗದದ ಪ್ರಶ್ನೆ. 1923ರಷ್ಟು ಹಿಂದೆಯೇ ಬಂದ ನೌಕರರ ಪರಿಹಾರ ಕಾಯ್ದೆ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರ ತಿರುಳು: ಕೆಲಸದಿಂದಾಗಿ, ಕೆಲಸದ ವೇಳೆ ಗಾಯವಾದರೆ ಮಾಲೀಕನ ತಪ್ಪನ್ನು ಸಾಬೀತು ಮಾಡದೆಯೇ ಪರಿಹಾರ ಸಿಗಬೇಕು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಕಾನೂನಿನ ಮುಂದೆ ಶೂನ್ಯ. ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಓದಿ ಸಹಿ ಹಾಕಿರಲಿ, ಓದದೆ ಹಾಕಿರಲಿ. "ಅಜಾಗರೂಕತೆ" ಎಂಬ ಮಾತಿನಿಂದಲೂ ಹಕ್ಕು ಹೋಗುವುದಿಲ್ಲ. ಕುಡಿದಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರೆ, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ ತಕರಾರು ಎತ್ತಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಆ ತಕರಾರೂ ನಿಲ್ಲುವುದಿಲ್ಲ. ಮೇಸ್ತ್ರಿಯೇ ನೀರು ಹಾಕು ಎಂದಿರುವಾಗ ಹುಡುಗ ಆದೇಶ ಮೀರಿದ್ದಾದರೂ ಏನು?

ಮೊತ್ತದ ಅಂದಾಜು ಇರಲಿ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಅಂಕಿ 207.98. ಕೂಲಿ 12,000 ಎಂದಾದರೆ 6,000 ಗುಣಿಸು 207.98, ಅಂದರೆ 12,47,880 ರೂಪಾಯಿ. ಪೂರ್ಣ ಅಂಗವೈಕಲ್ಯಕ್ಕೆ ಅರ್ಧದ ಬದಲು ಶೇಕಡ 60. ಬೆರಳು, ಕೈಯಂಥ ಭಾಗಶಃ ನಷ್ಟಕ್ಕೆ ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ವೈದ್ಯರು ಹೇಳಿದ ಪ್ರಮಾಣದಂತೆ. ಇಎಸ್‌ಐ ಇರುವ ಕಡೆ ಮಾಲೀಕನ ಬದಲು ಇಎಸ್‌ಐ ಕೊಡುತ್ತದೆ. ಅರ್ಜಿಗೆ ಕಾಲಮಿತಿ ಇದೆ, ಆದ್ದರಿಂದ ಊರ ಹಿರಿಯರ ಪಂಚಾಯಿತಿ ಎಂದು ವರ್ಷ ಕಳೆಯದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಹೊಲದಲ್ಲಿ ಪಂಪು, ಯಂತ್ರಗಳ ಜೊತೆ ಕೂಲಿ ಮಾಡುವವರಿಗೂ ಈ ಹಕ್ಕುಂಟು. ಹತ್ತಿ ಬೀಜೋತ್ಪಾದನೆಯ ನಮ್ಮ ಗದ್ವಾಲ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ಬೇಲಿಯ ಕಂಬಕ್ಕೆ ತೂಗಿಬಿದ್ದಿರುತ್ತದೆ, ಅರ್ತಿಂಗ್ ಎಂಬುದು ಹೆಸರಿಗೂ ಇರುವುದಿಲ್ಲ.

ಗಾಯ ಕಂಪನಿಯ ಲೈನಿನಿಂದಲೇ ಆದರೆ? ಆಗ ದಾರಿ ಬೇರೆ. 1997ರಲ್ಲಿ ಮಧ್ಯಪ್ರದೇಶದಲ್ಲಿ ಮಳೆಯ ರಾತ್ರಿ ಕಾರ್ಖಾನೆಯಿಂದ ಸೈಕಲ್ ಮೇಲೆ ಮನೆಗೆ ಹೊರಟ ಕಾರ್ಮಿಕನೊಬ್ಬ ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತ. ಯಾರೋ ಕಳ್ಳತನದಿಂದ ಎಳೆದ ವೈರು ಅದು, ನಮ್ಮ ತಪ್ಪಲ್ಲ ಎಂದು ಅಲ್ಲಿಯ ವಿದ್ಯುತ್ ಮಂಡಳಿ ವಾದಿಸಿತು. ಇಷ್ಟು ಅಪಾಯದ ವಸ್ತುವನ್ನು ಸರಬರಾಜು ಮಾಡುವವರು ತಪ್ಪಿರಲಿ ಬಿಡಲಿ ಹೊಣೆ ಹೊರಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು.

ನಮ್ಮದೇ ಚಪ್ಪರ

ಇಷ್ಟೆಲ್ಲ ಬರೆದು ನಮ್ಮ ಬೆನ್ನನ್ನು ನಾವು ನೋಡಿಕೊಳ್ಳದಿದ್ದರೆ ಆಗದು. ಕಾಯ್ದೆಯ 54ನೆಯ ಕಲಮು ಓದಿದಾಗ ನಮಗೇ ಮುಜುಗರವಾಯಿತು. ಬೀದಿಯಲ್ಲಾಗಲಿ, 100 ಅಥವಾ ಹೆಚ್ಚು ಜನ ಸೇರುವ ಜಾಗದಲ್ಲಾಗಲಿ 250 ವಾಟ್ ಮತ್ತು 100 ವೋಲ್ಟ್ ಮೀರಿ ಕರೆಂಟು ಬಳಸುವ ಮುನ್ನ, ಕನಿಷ್ಠ 7 ದಿನ ಮೊದಲು ವಿದ್ಯುತ್ ಪರಿವೀಕ್ಷಕರಿಗೂ ಜಿಲ್ಲಾ ದಂಡಾಧಿಕಾರಿಗೂ ಲಿಖಿತ ಸೂಚನೆ ಕೊಡಬೇಕು. 250 ವಾಟ್ ಎಂದರೆ ಎಷ್ಟು? ಒಂದು ಧ್ವನಿವರ್ಧಕದ ಸೆಟ್ಟೇ ಅದನ್ನು ದಾಟುತ್ತದೆ. ನಮ್ಮ ರಾಜ್ಯೋತ್ಸವದ ಚಪ್ಪರ, ಗಣಪತಿ ಪೆಂಡಾಲು ಎಲ್ಲ ಇದರೊಳಗೆ ಬರುತ್ತವೆ. ನಾವು ಇಲ್ಲಿಯವರೆಗೆ ಪೊಲೀಸ್ ಅನುಮತಿ ತಂದು ಸುಮ್ಮನಾಗುತ್ತಿದ್ದೆವು.

ಚಪ್ಪರ ಕಟ್ಟುವವನಿಗೂ ಬ್ಯಾನರ್ ಏರಿಸುವ ಹುಡುಗನಿಗೂ ಅದು ಕೆಲಸದ ಜಾಗವೇ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಯುವಕರು ಕರೆಂಟು ತಗುಲಿ ತೀರಿಕೊಂಡರು. 2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿಯ ರಥಕ್ಕೆ ತಂತಿ ತಾಗಿ ಐವರು ಹೋದರು. ಕಬ್ಬಿಣದ ಚೌಕಟ್ಟು, ಫ್ಲೆಕ್ಸು, ಮೇಲೆ ಲೈನು. ಎಲ್ಲ ಊರಿನಲ್ಲೂ ಇದೇ ಚಿತ್ರ. ಕಟ್ಟಡಕ್ಕೂ 11 ಕೆವಿ ಲೈನಿಗೂ ನೇರ ಮೇಲೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕೆಂದು 2010ರ ನಿಯಮಾವಳಿಯಲ್ಲಿ ಇತ್ತು. ಎತ್ತಿ ನಿಲ್ಲಿಸುವಾಗ ಓಲಾಡುವ ಕಬ್ಬಿಣದ ಕಂಬಕ್ಕೆ ಅದು ಏನೇನೂ ಸಾಲದು.

ಕರೆಂಟಿನ ಕೆಲಸವನ್ನೇ ಕಲಿತವರೂ ಇದರಿಂದ ಹೊರತಲ್ಲ. ಧರೂರು ಮಂಡಲದ ಜೂರಾಲದಲ್ಲಿ ನಮ್ಮ ಕಣ್ಣೆದುರಿಗೇ 39 ಮೆಗಾವಾಟಿನ ಆರು ಯಂತ್ರಗಳು ತಿರುಗುತ್ತವೆ. ಅದೇ ಕೃಷ್ಣೆಯ ಕೆಳಗೆ, ಶ್ರೀಶೈಲದ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ 2020ರ ಆಗಸ್ಟ್ 20ರ ರಾತ್ರಿ ಬೆಂಕಿ ಬಿದ್ದು ಒಂಬತ್ತು ಜನ ಒಳಗೇ ಉಳಿದುಬಿಟ್ಟರು. ಅವರಲ್ಲಿ ಎಂಜಿನಿಯರುಗಳೂ ಇದ್ದರು.

ಈ ಬಾರಿ ನವೆಂಬರ್ 1ರ ಕಾರ್ಯಕ್ರಮಕ್ಕೆ ಹೀಗೆ ತೀರ್ಮಾನಿಸಿದ್ದೇವೆ. 54ನೆಯ ಕಲಮಿನ ಸೂಚನಾ ಪತ್ರವನ್ನು ಅಕ್ಟೋಬರ್ ಮಧ್ಯದೊಳಗೆ ಕೊಡುತ್ತೇವೆ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸುತ್ತೇವೆ, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುತ್ತೇವೆ, ಜನರೇಟರಿಗೆ ಎರಡು ಅರ್ತಿಂಗ್ ಕೊಡಿಸುತ್ತೇವೆ. ಲೈನಿನ ಕೆಳಗೆ ಕಮಾನು ಕಟ್ಟುವುದಿಲ್ಲ. ಖರ್ಚು ಸ್ವಲ್ಪ ಏರುತ್ತದೆ, ಚಂದಾ ಕೇಳಲು ಬಂದಾಗ ಗೊಣಗಬೇಡಿ.

ಶಾಕ್ ಹೊಡೆದವರನ್ನು ಬದುಕಿಸುವ ಸೂಚನೆಯ ಹಾಳೆಯನ್ನು ಕನ್ನಡ, ತೆಲುಗು ಎರಡರಲ್ಲೂ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿರುವುದು ಇಷ್ಟು: ಮೊದಲು ಮೇನ್ ಆಫ್ ಮಾಡಿ. ಆಫ್ ಮಾಡುವ ತನಕ ಅವರನ್ನು ಮುಟ್ಟಬೇಡಿ. ಮನೆಯ ಲೈನಾದರೆ ಒಣ ಕಟ್ಟಿಗೆಯಿಂದ ದೂರ ತಳ್ಳಬಹುದು, ಕಂಬದ ದೊಡ್ಡ ಲೈನಾದರೆ ಹತ್ತಿರವೇ ಹೋಗದೆ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. 108ಕ್ಕೆ ಫೋನ್ ಮಾಡಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಮಣ್ಣಿನಲ್ಲಿ ಹೂಳುವುದು, ನೀರು ಸುರಿಯುವುದು ಬೇಡ. ಎದ್ದು ಕೂತು "ನಾ ಆರಾಮ ಇದ್ದೀನಿ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಹೃದಯದ ತೊಂದರೆ ತಡವಾಗಿಯೂ ಕಾಣಿಸಿಕೊಳ್ಳಬಹುದು.

ಮಿಲ್ಲು, ವರ್ಕ್‌ಶಾಪು, ಅಂಗಡಿ ಇರುವ ಸದಸ್ಯರು ತಮಗೆ ಎಷ್ಟು ಹಾಳೆ ಬೇಕೆಂದು ಮುಂದಿನ ಸಭೆಗೆ ಬರುವಾಗ ಹೇಳಿ. ಹಿಂದಿಯಲ್ಲಿ ಬರೆದುಕೊಡಬಲ್ಲವರು ಇದ್ದರೆ ಮುಂದೆ ಬನ್ನಿ, ಅದೂ ಬೇಕಾಗಿದೆ. ಹುಡುಗನ ಅರ್ಜಿಯನ್ನು ಕಾರ್ಮಿಕ ಇಲಾಖೆಗೆ ಕೊಡುವ ದಿನ ಅವನ ಜೊತೆ ನಮ್ಮಲ್ಲಿ ಇಬ್ಬರು ಹೋಗುತ್ತಿದ್ದಾರೆ. ತೆಲುಗು ಓದಬಲ್ಲ ಒಬ್ಬರು, ಕನ್ನಡ ಓದಬಲ್ಲ ಒಬ್ಬರು.